ಫಿಲ್ಮ್ ನ್ವಾರ್ ಚಿತ್ರಗಳಲ್ಲಿ ಗೋಡೆ ಮೇಲೆ ಬೀಳುವ ಪಟ್ಟೆ ಪಟ್ಟೆ ನೆರಳು ಹೇಗೆ ಬರುತ್ತದೆ?

ಅದು ಕಿಟಕಿಯ ವೆನೀಷಿಯನ್ ಬ್ಲೈಂಡಿನ (ಅಡ್ಡಪಟ್ಟಿಗಳ ಪರದೆಯ) ನೆರಳು. 1940ರ ದಶಕದ ಹಾಲಿವುಡ್ ಅಪರಾಧ ಚಿತ್ರಗಳ ಗುರುತೇ ಅದು. 'ನ್ವಾರ್' ಅಂದರೆ ಫ್ರೆಂಚಿನಲ್ಲಿ ಕಪ್ಪು.

ನೀವೇ ಚಿತ್ರೀಕರಿಸುವಾಗ ನೆರಳಿನ ಅಂಚು ಚೂಪಾಗಿರಬೇಕಾದರೆ ದೀಪ ಚಿಕ್ಕದಿರಬೇಕು, ದೂರದಲ್ಲಿರಬೇಕು, ಮುಂದೆ ಡಿಫ್ಯೂಷನ್ (ಬೆಳಕನ್ನು ಮೆತ್ತಗೆ ಹರಡುವ ತೆಳು ಹಾಳೆ ಅಥವಾ ಬಟ್ಟೆ) ಇರಬಾರದು. ಬ್ಲೈಂಡ್ ಮಾತ್ರ ಗೋಡೆಗೆ ಹತ್ತಿರ. ಹೆಚ್ಚಿನವರು ಎಡವುವುದು ಇಲ್ಲೇ: ಬ್ಲೈಂಡನ್ನು ದೀಪದ ಮೂತಿಗೇ ಹಿಡಿಯುತ್ತಾರೆ, ಪಟ್ಟೆಗಳು ಕಲಸಿಕೊಂಡು ಬರೀ ಬೂದು ಮಸುಕಾಗುತ್ತದೆ. ಫ್ರೆನೆಲ್ (ಮುಂದೆ ಮಸೂರವಿದ್ದು, ಬೆಳಕನ್ನು ಅಗಲ ಅಥವಾ ಕಿರಿದು ಮಾಡಬಹುದಾದ) ದೀಪವಾದರೆ ಅಗಲ ಬೆಳಕಿನ ಫ್ಲಡ್‌ನಲ್ಲಿಡಿ. ಕಿರಿದು ಬೆಳಕಿನ ಸ್ಪಾಟ್‌ನಲ್ಲಿ ಅಂಚು ಮೆತ್ತಗಾಗುತ್ತದೆ.

ಆಮೇಲೆ ಫಿಲ್ ಲೈಟ್ (ನೆರಳಿನ ಬದಿಯನ್ನು ತುಂಬುವ ಬೆಳಕು) ಕಡಿಮೆ ಮಾಡಿ. ಮುಖದ ಬೆಳಕಿನ ಬದಿಗೂ ನೆರಳಿನ ಬದಿಗೂ 8:1 ಬೆಳಕಿನ ಅನುಪಾತವಾದರೂ ಇರಲಿ. ಬಿಳಿ ಗೋಡೆಯ ಕೋಣೆಯಲ್ಲಿ ಬೆಳಕು ಪುಟಿದು ಬಂದು ಕಪ್ಪನ್ನು ತಿಂದುಹಾಕುತ್ತದೆ, ಹಾಗಾಗಿ ಕ್ಯಾಮೆರಾಗೆ ಕಾಣದ ಗೋಡೆಗಳಿಗೆ ಕಪ್ಪು ಬಟ್ಟೆ ಕಟ್ಟಿ. ನಟರ ಹಿಂದಿನಿಂದ ಒಂದು ಸಣ್ಣ ದೀಪ ಬೇಕೇ ಬೇಕು. ಇಲ್ಲದಿದ್ದರೆ ಕಪ್ಪು ಟೋಪಿ, ಕೋಟು ಎರಡೂ ಕತ್ತಲಲ್ಲಿ ಕರಗಿಹೋಗುತ್ತವೆ.

'ಡಬಲ್ ಇಂಡೆಮ್ನಿಟಿ' (1944) ಚಿತ್ರದ ಮನೆಯೊಳಗಿನ ಧೂಳಿನ ಬೆಳಕನ್ನು ಗಮನಿಸಿ: ಛಾಯಾಗ್ರಾಹಕ ಜಾನ್ ಸೈಟ್ಸ್ ಗಾಳಿಯಲ್ಲಿ ಅಲ್ಯೂಮಿನಿಯಂ ಪುಡಿ ತೂರಿಸಿದ್ದರು. ನಮಗೆ ಹೊಗೆ ಯಂತ್ರದ ತೆಳು ಮಂಜು ಸಾಕು. ದಟ್ಟವಾದರೆ ಕಪ್ಪೆಲ್ಲ ಹಾಲುಹಾಲಾಗುತ್ತದೆ.