ದರ ಮಾತಾಡದೆ ಮಾಡಿದ ಕೆಲಸಕ್ಕೆ ಶಾಸ್ತ್ರ ಏನನ್ನುತ್ತದೆ?

ಪ್ರಶ್ನೆ: ಪರಿಚಯದವರ ಮನೆಗೆ ಎರಡು ಬಾಗಿಲು, ಒಂದು ಕಪಾಟು ಮಾಡಿಕೊಟ್ಟೆ. ‘ಶುರು ಮಾಡಿ, ದುಡ್ಡು ಎಲ್ಲಿ ಹೋಗುತ್ತೆ’ ಅಂದಿದ್ದರು, ದರ ಮಾತಾಡಲಿಲ್ಲ. ಈಗ ಕೇಳಿದ್ದರಲ್ಲಿ ಅರ್ಧ ಕೊಡುತ್ತೇನೆ ಎನ್ನುತ್ತಿದ್ದಾರೆ. ಹಳೆಯ ಗ್ರಂಥಗಳಲ್ಲಿ ಇದಕ್ಕೆ ದಾರಿಯಿದೆಯೇ?

ಉತ್ತರ: ಇದೆ. ಕೂಲಿ ಗೊತ್ತುಮಾಡದೆ ದುಡಿಸಿಕೊಂಡವನು ವ್ಯಾಪಾರ, ಪಶು, ಪೈರಿನ ಹುಟ್ಟುವಳಿಯಲ್ಲಿ ಹತ್ತನೇ ಒಂದು ಪಾಲು ಕೊಡಬೇಕು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. (ಅದಕ್ಕೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದವನು.) ಆದರೆ ಬಾಗಿಲು ಕರು ಹಾಕುವುದಿಲ್ಲ, ತೆನೆ ಬಿಡುವುದಿಲ್ಲ. ನಿಮಗೆ ಹೊಂದುವುದು ಕೌಟಿಲ್ಯನ ಮಾತು. ಕುಶಲಕರ್ಮಿ, ವೈದ್ಯ, ಗಾಯಕರಂಥವರನ್ನು ಅವನು ‘ಆಶಾಕಾರಿಕ’ ಎನ್ನುತ್ತಾನೆ, ಅಂದರೆ ಸಿಕ್ಕೀತೆಂಬ ಆಸೆಯಲ್ಲಿ ದುಡಿಯುವವರು. ಅವರಿಗೆ ಅದೇ ಕಸುಬಿನ ಇತರರಿಗೆ ಸಿಗುವಷ್ಟು, ಇಲ್ಲವೇ ಬಲ್ಲವರು ಕಟ್ಟಿದಷ್ಟು ಸಲ್ಲಬೇಕು.

ಹಾಗಾಗಿ ನಿಮ್ಮ ಊರಿನ ಇಬ್ಬರು ಬಡಗಿಗಳಿಗೆ ಕೆಲಸ ತೋರಿಸಿ ಬೆಲೆ ಕಟ್ಟಿಸಿ. ಮರ, ಕೀಲು, ಬೀಗದ ಖರ್ಚು ಒಂದು ಚೀಟಿಯಲ್ಲಿ, ಮಜೂರಿ ಇನ್ನೊಂದರಲ್ಲಿ ಇರಲಿ. ಎರಡನ್ನೂ ಕಲಸಿದರೆ ಯಜಮಾನರ ಕಣ್ಣಿಗೆ ಅಷ್ಟೂ ನಿಮ್ಮ ಕೂಲಿಯಂತೆಯೇ ಕಾಣುತ್ತದೆ. ಅರ್ಧಕ್ಕರ್ಧ ಜಗಳ ಹುಟ್ಟುವುದು ಅಲ್ಲೇ. ನಡುವೆ ಹೇಳಿಸಿಕೊಂಡು ಮಾಡಿದ ಹೆಚ್ಚಿನ ಕೆಲಸವನ್ನು ಬೇರೆಯೇ ಬರೆಯಿರಿ. ‘ಹೆಚ್ಚು ಮಾಡಿದರೆ ಹೆಚ್ಚು ಕೊಡಬೇಕು’ ಎಂದು ಸ್ಮೃತಿಯೂ ಹೇಳಿದೆ.

ಇನ್ನೊಂದು ಸೂಕ್ಷ್ಮವಿದೆ. ಕೂಲಿ ಕೊಡದವನಿಗೆ ಕೌಟಿಲ್ಯ ಹೇಳುವ ದಂಡ ಆ ಕೂಲಿಯ ಹತ್ತನೇ ಒಂದು ಭಾಗ ಅಥವಾ 6 ಪಣ (ಆಗಿನ ನಾಣ್ಯ). ಕೊಡಬೇಕಾದ್ದೇ ಇಲ್ಲ ಎಂದು ಅಲ್ಲಗಳೆದವನಿಗೆ ಐದನೇ ಒಂದು ಭಾಗ ಅಥವಾ 12 ಪಣ. ಅಲ್ಲಗಳೆದರೆ ವ್ಯವಹಾರ ಅಷ್ಟು ಕೆಡುತ್ತದೆ. ಆದ್ದರಿಂದ ಮೊತ್ತಕ್ಕೆ ಜಗ್ಗಾಡುವ ಮೊದಲು ‘ಕೆಲಸ ಮುಗಿದಿದೆ, ಲೆಕ್ಕ ಬಾಕಿ ಇದೆ’ ಎಂದು ಒಂದು ಸಾಲು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಶ್ಲೋಕ ತೋರಿಸಿ ಇಂದು ಯಾರಿಗೂ ದಂಡ ಹಾಕಿಸಲಾಗದು, ಬರಹ ಮಾತ್ರ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಬೈಬಲ್‌ನ ಯಾಕೋಬ ಕೂಲಿ ಗೊತ್ತುಮಾಡಿಕೊಂಡೂ ಮೋಸ ಹೋದನಲ್ಲ, ಯಾಕೆ?

ಉತ್ತರ: ಊರಿನ ವಾಡಿಕೆ ಕೇಳದ್ದಕ್ಕೆ. ಸೋದರಮಾವ ಲಾಬಾನನ ಕಿರಿಯ ಮಗಳು ರಾಹೇಲಳನ್ನು ಮದುವೆಯಾಗಲು 7 ವರ್ಷದ ದುಡಿಮೆ ಎಂದು ಮಾತು ಸ್ಪಷ್ಟವಾಗಿಯೇ ಇತ್ತು. ಲಾಬಾನ ಕೊಟ್ಟದ್ದು ಹಿರಿಯ ಮಗಳು ಲೇಯಳನ್ನು. ‘ಹಿರಿಯಳಿಗಿಂತ ಮೊದಲು ಕಿರಿಯಳನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ’ ಎಂಬ ನೆಪ. ರಾಹೇಲಳಿಗಾಗಿ ಮತ್ತೆ 7 ವರ್ಷ. ಮೂರನೇ ಸಲ ಯಾಕೋಬ ಚುಕ್ಕೆ, ಮಚ್ಚೆಯ ಆಡುಗಳನ್ನೂ ಕಪ್ಪು ಕುರಿಮರಿಗಳನ್ನೂ ಕೂಲಿಯಾಗಿ ಕೇಳಿದ. ಯಾರು ನೋಡಿದರೂ ಗೊತ್ತಾಗುವ ಗುರುತು, ಒಳ್ಳೆಯ ಅಳತೆ. ಆದರೆ ಅದೇ ದಿನ ಲಾಬಾನ ಮಚ್ಚೆಯವನ್ನೆಲ್ಲ ಬೇರ್ಪಡಿಸಿ ಮಕ್ಕಳ ಕೈಗೊಪ್ಪಿಸಿ, 3 ದಿನದ ಹಾದಿಯಷ್ಟು ದೂರ ಅಟ್ಟಿದ. ಮೊದಲ ದಿನದ ಎಣಿಕೆ ಇಬ್ಬರ ಮುಂದೆಯೇ ಆಗಬೇಕಿತ್ತು. ಕಾಡುಮೃಗ ಸೀಳಿದ್ದು, ಕಳುವಾದದ್ದು ಯಾರ ತಲೆಗೆ ಎಂಬುದರಲ್ಲೂ ಯಾಕೋಬನೇ ಸೋತ. ಆ ನಷ್ಟ ತಾನೇ ತುಂಬಿದೆ ಎಂದು 20ನೇ ವರ್ಷದಲ್ಲಿ ದೂರುತ್ತಾನೆ.

ಪ್ರಶ್ನೆ: ಮದುವೆ ಸಾಮಾನಿಗೆ ಗೊತ್ತುಮಾಡಿದ ಟೆಂಪೊದವನು ಹೊರಡುವ ಹೊತ್ತಿಗೆ ಒಲ್ಲೆ ಎಂದ. ಸ್ಮೃತಿಯಲ್ಲಿ?

ಉತ್ತರ: ಹೊರಡುವಾಗ ಅಡ್ಡಿ ಮಾಡಿದ ಹೊರೆಯವನು ಬಾಡಿಗೆಯ ಎರಡರಷ್ಟು ತೆರಬೇಕು. ಅರ್ಧದಾರಿಯಲ್ಲಿ ಬಿಟ್ಟರೆ ಪೂರ್ತಿ ಬಾಡಿಗೆ. ಗೊತ್ತುಮಾಡಿದವನೇ ನಡುದಾರಿಯಲ್ಲಿ ಬಿಡಿಸಿದರೂ ಅದೇ ಲೆಕ್ಕ.