ರಾಜರ ಗಾಡಿ ಎನ್ನುವ ಮೊದಲು ಡೈನಮೋ ನೋಡಿ

ಪ್ರಶ್ನೆ: ಹೋದ ವರ್ಷ ಮುಧೋಳ ಹತ್ತಿರದ ಒಂದು ತೋಟದ ಮನೆಯಿಂದ ಆಸ್ಟಿನ್ ಎ40 ಸೋಮರ್‌ಸೆಟ್ ಕಾರು ತಂದಿದ್ದೇನೆ. ಆರ್‌ಸಿ ಪುಸ್ತಕದ ಮೊದಲ ಹಾಳೆಗಳು ಹರಿದುಹೋಗಿವೆ. ಉಳಿದ ಹಾಳೆಗಳಲ್ಲಿ 1961ರಿಂದ ಈಚಿನ ಮಾಲೀಕರ ಹೆಸರುಗಳಿವೆ. ನಂಬರ್ ‘ಎಂವೈ’ ಎಂದು ಶುರುವಾಗುತ್ತದೆ. ಮಾರಿದವರು ‘ಇದು ಮುಧೋಳ ಸಂಸ್ಥಾನದ ಗಾಡಿ’ ಎಂದು ಹೇಳಿದರು. ಇದನ್ನು ಮೊದಲು ಮಾರಿದ ಡೀಲರ್ ಯಾರು, ಮೊದಲ ಮಾಲೀಕರು ಯಾರು ಎಂದು ಪತ್ತೆ ಹಚ್ಚಬಹುದೇ?
– ಓದುಗರು, ಬನಹಟ್ಟಿ

ಉತ್ತರ: ಸಂಸ್ಥಾನದ ಮಾತನ್ನು ಮೊದಲು ಮುಗಿಸಿಬಿಡೋಣ. ಮುಧೋಳ ಸಂಸ್ಥಾನ 1948ರಲ್ಲೇ ಮುಂಬೈ ಪ್ರಾಂತದಲ್ಲಿ ಸೇರಿಹೋಯಿತು. ಸೋಮರ್‌ಸೆಟ್ ಮಾಡೆಲ್ ಇಂಗ್ಲೆಂಡಿನಲ್ಲಿ ಹೊರಬಂದದ್ದು 1952ರಲ್ಲಿ. ಇಲ್ಲದ ಸಂಸ್ಥಾನ ಕಾರು ಕೊಳ್ಳುವುದು ಹೇಗೆ? ರಾಜಮನೆತನದವರು ಯಾರಾದರೂ ಸ್ವಂತಕ್ಕೆ ಕೊಂಡಿರಬಹುದು, ಆ ಮಾತು ಬೇರೆ. ಆದರೆ ನಮ್ಮ ಕಡೆ ಶೆಡ್ಡಿನಲ್ಲಿ ಸಿಕ್ಕ ಹಳೆ ಕಾರೆಲ್ಲ ಮುಧೋಳದ್ದೋ, ಜಮಖಂಡಿಯದ್ದೋ, ಸಾಂಗ್ಲಿಯದ್ದೋ ರಾಜರದ್ದೇ ಆಗಿರುತ್ತದೆ. ವಕೀಲರು, ಡಾಕ್ಟರು, ಹತ್ತಿ ದಲಾಲರು ಯಾರೂ ಆ ಕಾಲದಲ್ಲಿ ಕಾರು ಓಡಿಸಲೇ ಇಲ್ಲವೇನೋ! ರಾಜರ ಹೆಸರು ಹೇಳಿದರೆ ರೇಟು ಏರುತ್ತದೆ, ಅಷ್ಟೇ.

ಈಗ ಗಾಡಿಯ ಹತ್ತಿರ ಬನ್ನಿ. ಬಾನೆಟ್ ಎತ್ತಿ, ಹಿಂದಿನ ತಗಡಿನ ಮೇಲಿರುವ ಕಂಪನಿ ಪ್ಲೇಟನ್ನು ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಉಪ್ಪುಕಾಗದ ಮುಟ್ಟಿಸಬೇಡಿ. ಸೋಮರ್‌ಸೆಟ್ ಆಗಿದ್ದರೆ ಚಾಸಿ ನಂಬರ್ ‘ಜಿಎಸ್4’ ಎಂದು ಶುರುವಾಗಬೇಕು. ‘ಜಿಎಸ್2’ ಇದ್ದರೆ ಅದು ಅದಕ್ಕಿಂತ ಹಿಂದಿನ ಡೆವನ್ ಮಾಡೆಲ್, ಅಂದರೆ 1947ರಿಂದ 1952ರ ಒಳಗಿನದು. ಬಾಡಿ ಸೋಮರ್‌ಸೆಟ್‌ದು, ಪ್ಲೇಟ್ ಡೆವನ್‌ದು ಎಂದಾದರೆ ಎರಡು ಗಾಡಿ ಸೇರಿಸಿ ಒಂದು ಮಾಡಿದ್ದಾರೆ ಎಂದೇ ತಿಳಿಯಿರಿ. ಇಂಜಿನ್ ನಂಬರನ್ನೂ ನೋಡಿ. ನಮ್ಮ ಕಡೆ ಪೆಟ್ರೋಲ್ ದುಬಾರಿ ಎಂದು ಮ್ಯಾಟಡೋರ್ ಡೀಸೆಲ್ ಇಂಜಿನ್ ಕೂರಿಸಿದ ಹಳೆ ಕಾರುಗಳು ಬೇಕಾದಷ್ಟಿವೆ. ಎರಡೂ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದಿಡಿ. ಆರ್‌ಟಿಒ ಕಚೇರಿಯಲ್ಲಿ ಕೇಳುವುದೂ ಅದನ್ನೇ.

ಇನ್ನು ಡೈನಮೋ, ಅಂದರೆ ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ. ಆಸ್ಟಿನ್‌ಗೆ ಬರುತ್ತಿದ್ದ ಲೂಕಸ್ ಕಂಪನಿಯ ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಮೈಮೇಲೆ ಸಣ್ಣ ಅಂಕಿಗಳನ್ನು ಒತ್ತಿರುತ್ತಾರೆ. ಅದು ಆ ಬಿಡಿಭಾಗ ತಯಾರಾದ ತಿಂಗಳು ಮತ್ತು ವರ್ಷ. ‘10 52’ ಎಂದಿದ್ದರೆ 1952ರ ಅಕ್ಟೋಬರ್. ಒಂದನ್ನೇ ನಂಬಬೇಡಿ, ಗುಜರಿಯಿಂದ ತಂದು ಹಾಕಿದ್ದೂ ಇರಬಹುದು. ಮೂರೂ ಆಜುಬಾಜು ತಿಂಗಳು ತೋರಿಸಿದರೆ ಮಾತ್ರ ನಿಮ್ಮ ಗಾಡಿ ತಯಾರಾದ ಕಾಲ ಹೆಚ್ಚುಕಡಿಮೆ ಸಿಕ್ಕಂತೆ. ಜಾತಕ ಬರೆಯುವ ಮೊದಲು ಹುಟ್ಟಿದ ತಾರೀಕು ಬೇಕಲ್ಲ.

ಡೀಲರ್ ವಿಷಯದಲ್ಲಿ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಆ ಕಾಲದ ಎಲ್ಲ ಎ40ಗಳೂ ಇಡಿಯಾಗಿ ಹಡಗಿನಲ್ಲಿ ಬಂದವಲ್ಲ. 1948ರಲ್ಲಿ ಅಶೋಕ್ ಮೋಟರ್ಸ್ ಕಂಪನಿ ಶುರುವಾಯಿತು. ಇಂಗ್ಲೆಂಡಿನ ಲಾಂಗ್‌ಬ್ರಿಜ್ ಕಾರ್ಖಾನೆಯಿಂದ ಬಿಡಿಭಾಗಗಳ ಪೆಟ್ಟಿಗೆ ತರಿಸಿ, ಮದ್ರಾಸ್ ಹತ್ತಿರದ ಎನ್ನೋರಿನಲ್ಲಿ 1949ರಿಂದ ಎ40 ಕಾರುಗಳನ್ನು ಜೋಡಿಸಿತು. ಇದೇ ಕಂಪನಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಹೌದು, ನಮ್ಮ ಲಾರಿಗಳ ಲೇಲ್ಯಾಂಡೇ. ಹಾಗಾಗಿ ನಿಮ್ಮ ಕಾರು ಎನ್ನೋರಿನಲ್ಲಿ ಕೂಡಿಸಿದ್ದಾಗಿರುವ ಸಾಧ್ಯತೆಯೇ ಜಾಸ್ತಿ.

ಇಂಗ್ಲೆಂಡಿನ ಗೇಡನ್ ಊರಿನಲ್ಲಿ ಬ್ರಿಟಿಷ್ ಮೋಟರ್ ಮ್ಯೂಸಿಯಂ ಇದೆ. ಆಸ್ಟಿನ್, ಮಾರಿಸ್, ಎಂಜಿ ಮುಂತಾದ ಕಂಪನಿಗಳ ಹಳೆ ದಾಖಲೆ ಪುಸ್ತಕಗಳು ಅಲ್ಲಿವೆ. ಚಾಸಿ ನಂಬರ್ ಕೊಟ್ಟು ದುಡ್ಡು ಕಟ್ಟಿದರೆ ‘ಹೆರಿಟೇಜ್ ಸರ್ಟಿಫಿಕೇಟ್’ ಕೊಡುತ್ತಾರೆ. ಇಡೀ ಗಾಡಿಯಾಗಿ ಹೊರಟಿದ್ದರೆ ತಯಾರಾದ ದಿನ, ಬಣ್ಣ, ಮೊದಲು ಕಳಿಸಿದ ಡೀಲರ್ ಅಥವಾ ಊರು ಸಿಗಬಹುದು. ಪೆಟ್ಟಿಗೆಯಲ್ಲಿ ಬಂದದ್ದಾದರೆ ಅವರ ಲೆಕ್ಕ ಅವರ ಬಾಗಿಲಲ್ಲೇ ಮುಗಿಯುತ್ತದೆ. ಯಾವ ಬಣ್ಣ ಹೊಡೆದರು, ಯಾವ ಡೀಲರಿಗೆ ಕೊಟ್ಟರು ಎಂಬುದೆಲ್ಲ ಇಲ್ಲಿ ನಡೆದ ಕೆಲಸ. ಆದ್ದರಿಂದ ದುಡ್ಡು ಕಟ್ಟುವ ಮೊದಲು, ನಿಮ್ಮ ನಂಬರಿನ ದಾಖಲೆ ಇದೆಯೇ ಎಂದು ಒಂದು ಇಮೇಲ್ ಹಾಕಿ ಕೇಳಿ.

ಡೀಲರ್ ಹೆಸರು ಸಿಗುವುದು ಹೆಚ್ಚಾಗಿ ಗಾಡಿಯ ಮೈಮೇಲೆಯೇ. ಆಗಿನ ಡೀಲರುಗಳು ಹೆಸರು, ಊರು ಕೆತ್ತಿದ ಪುಟ್ಟ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಗಡನ್ನು ಡ್ಯಾಶ್‌ಬೋರ್ಡ್ ಮೇಲೋ, ಬಾಗಿಲ ಹೊಸ್ತಿಲ ಮೇಲೋ, ಬಾನೆಟ್ ಒಳಗೋ ಬಡಿಯುತ್ತಿದ್ದರು. ತಗಡು ಹೋಗಿದ್ದರೂ ಎರಡು ಸಣ್ಣ ತೂತು, ಬಣ್ಣ ಹತ್ತದ ಒಂದು ಚೌಕ ಉಳಿದಿರುತ್ತದೆ. ಹಿಂದಿನ ಗಾಜಿನ ಮೂಲೆಯ ಸ್ಟಿಕರ್, ಮ್ಯಾನುಯಲ್ ಪುಸ್ತಕದ ಮೇಲಿನ ರಬ್ಬರ್ ಸ್ಟ್ಯಾಂಪ್, ಸರ್ವಿಸ್ ಕೂಪನ್, ಕೀಲಿಯ ಚರ್ಮದ ಬಿಲ್ಲೆ, ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿ. ಸೀಟು ಬಿಚ್ಚಿ, ತಳದಲ್ಲಿ ಕೈಯಾಡಿಸಿ. ನನ್ನ ಮೊದಲ ಹಳೆ ಕಾರನ್ನು ಪೇಂಟಿಂಗಿಗೆ ಬಿಟ್ಟು ಊರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಬಾಗಿಲ ತಗಡನ್ನು ಕಿತ್ತು, ತೂತಿಗೆ ಪುಟ್ಟಿ ಮೆತ್ತಿ, ಚೆಂದ ಮಾಡಿಟ್ಟಿದ್ದರು. ಆ ತಗಡಿನ ಮೇಲೆ ಏನು ಬರೆದಿತ್ತು ಎಂದು ನಾನು ಓದಿಯೇ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಡೆಂಟಿಂಗ್‌ಗೆ ಕಳಿಸುವ ಮೊದಲು ಗಾಡಿಯ ಮೂಲೆಮೂಲೆ ಫೋಟೊ ತೆಗೆಯಿರಿ.

ಇನ್ನು ಮಾಲೀಕರ ಸರಣಿ. ನಿಮಗೆ ಬೇಕಾದದ್ದು ಬಿ ರಿಜಿಸ್ಟರಿನ ನಕಲು, ಆರ್‌ಟಿಒ ಕಚೇರಿಯಲ್ಲಿ ‘ಬಿ ಎಕ್ಸ್‌ಟ್ರ್ಯಾಕ್ಟ್’ ಎನ್ನುತ್ತಾರೆ. ಆ ನಂಬರಿನ ಗಾಡಿ ಯಾರ ಹೆಸರಿನಿಂದ ಯಾರ ಹೆಸರಿಗೆ ಹೋಯಿತು, ಸಾಲ ಇತ್ತೇ, ಹಿಂದಿನ ನಂಬರ್ ಯಾವುದು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಆರ್‌ಸಿಯ ಮೇಲಿನ ಸೀಲ್ ಹೇಳುತ್ತದೆ. ಸೀಲ್ ಅಳಿಸಿದ್ದರೆ ಬಾಗಲಕೋಟೆಯಲ್ಲಿ ಕೇಳಿ ಸುಮ್ಮನಾಗಬೇಡಿ. ಬಾಗಲಕೋಟೆ ಜಿಲ್ಲೆಯಾದದ್ದೇ 1997ರಲ್ಲಿ. ಅದಕ್ಕೂ ಹಿಂದೆ ಎಲ್ಲ ವಿಜಾಪುರವೇ, ಅಲ್ಲೂ ವಿಚಾರಿಸಿ.

‘ಎಂವೈ’ ಎಂದರೆ ಮೈಸೂರು ರಾಜ್ಯದ ನಂಬರ್. ಅದು ನಿಮ್ಮ ಕಾರಿನ ಮೊದಲ ನಂಬರ್ ಆಗಿರುವ ಸಾಧ್ಯತೆ ಕಡಿಮೆ. 1956ರ ನವೆಂಬರ್ 1ರ ತನಕ ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬೈ ರಾಜ್ಯದಲ್ಲಿದ್ದವು. 1952–54ರ ಕಾರು ನಮ್ಮ ಕಡೆಯೇ ನೋಂದಣಿಯಾಗಿದ್ದರೆ ‘ಬಿಎಂ’ ಅಥವಾ ‘ಬಿವೈ’ ಎಂದು ಶುರುವಾಗುವ ಮುಂಬೈ ನಂಬರ್ ಇದ್ದಿರಬೇಕು. ಹಳೆ ಮೈಸೂರು ಕಡೆ ಮೊದಲು ಮಾರಾಟವಾಗಿ, ಆಮೇಲೆ ಇತ್ತ ಬಂದಿದ್ದರೆ ಮಾತ್ರ ‘ಎಂವೈ’ಯೇ ಮೊದಲ ನಂಬರ್ ಆಗಿರಬಹುದು. ಹಾಗಾಗಿ ಬಿ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಹಿಂದಿನ ನಂಬರಿನ ಕಾಲಂ ಅನ್ನೇ ಮೊದಲು ಓದಿ. ಇಡೀ ಕಥೆ ತಿರುಗುವುದು ಅಲ್ಲಿ. ಬೆಳಗಾವಿ ಕ್ಯಾಂಪಿನಲ್ಲಿದ್ದ ಸೇನಾ ಅಧಿಕಾರಿಗಳು ವರ್ಗವಾಗುವಾಗ ಮಾರಿದ ಕಾರುಗಳಂತೂ ಎರಡು ಮೂರು ರಾಜ್ಯದ ನಂಬರ್ ಕಂಡಿರುತ್ತವೆ.

ಕಚೇರಿಯಲ್ಲಿ ‘ಹಳೆ ರಿಜಿಸ್ಟರ್ ಸಿಗುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅಜ್ಜನ ಕಾಲದ ಕಥೆ ಬರೆಯಬೇಡಿ. ‘ಈ ನಂಬರಿನ ವಾಹನದ ಬಿ ರಿಜಿಸ್ಟರ್ ಪುಟದ ದೃಢೀಕೃತ ಪ್ರತಿ ಕೊಡಿ’ ಎಂದರೆ ಸಾಕು. ಗಾಡಿ ಈಗ ನಿಮ್ಮ ಹೆಸರಿನಲ್ಲಿದೆ ಎಂಬ ದಾಖಲೆ ಜೊತೆಗಿಡಿ. ಹಿಂದಿನವರ ಮನೆ ವಿಳಾಸ ಕೊಡದೆ ಇರಬಹುದು, ಅದಕ್ಕೆ ಜಗಳ ಬೇಡ.

1961ರ ಹೆಸರು ನಿಮ್ಮ ಕೈಯಲ್ಲಿದೆಯಲ್ಲ, ಅದು ದೊಡ್ಡದು. ಆ ಮನೆಯವರನ್ನು ಹುಡುಕಿ. ಕಾರಿನ ಬಗ್ಗೆ ಕೇಳುವುದಕ್ಕಿಂತ ಮದುವೆ ಫೋಟೊ ಕೇಳಿ. ಹಳೆ ಮದುವೆ ಫೋಟೊಗಳಲ್ಲಿ ಕಾರಿನ ಮುಂದೆ ನಿಂತವರು ಇದ್ದೇ ಇರುತ್ತಾರೆ, ನಂಬರ್ ಪ್ಲೇಟೂ ಕಾಣುತ್ತದೆ. ಕಿರ್ದಿ ವಹಿ ಉಳಿದಿದ್ದರೆ ಕಾರಿನ ಖರ್ಚು ಬರೆದಿರುತ್ತಾರೆ. ಬೆಳಗಾವಿ ಕಡೆಯ ಹಳೆ ವಹಿಗಳು ಮೋಡಿ ಲಿಪಿಯಲ್ಲಿದ್ದರೆ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ) ಗಾಬರಿ ಬೇಡ, ಅದನ್ನು ಓದುವವರು ಇನ್ನೂ ಇದ್ದಾರೆ. ಹಳೆ ವಿಮೆ ಪಾಲಿಸಿಯನ್ನೂ ಕೇಳಿ. 1973ಕ್ಕೂ ಮೊದಲು ವಾಹನ ವಿಮೆ ಖಾಸಗಿ ಕಂಪನಿಗಳ ಕೈಯಲ್ಲೂ ಇತ್ತು. ಆ ಹಾಳೆಯಲ್ಲಿ ಚಾಸಿ ನಂಬರ್, ಮಾಲೀಕರ ಊರು ಎರಡೂ ಸಿಕ್ಕರೆ ನಿಮ್ಮ ಹರಿದ ಹಾಳೆಯ ಅರ್ಧ ವಾಪಸ್ ಬಂದಂತೆ.

ಪ್ರಶ್ನೆ: ನಮ್ಮ ಮುತ್ತಜ್ಜನ ಷವರ್ಲೆ ಕಾರು 1930ರ ದಶಕದ್ದು. ಅಮೆರಿಕದಿಂದಲೇ ನೇರವಾಗಿ ತರಿಸಿದ್ದು ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ?
– ಓದುಗರು, ವಿಜಯಪುರ

ಉತ್ತರ: ಇರಬಹುದು, ಆದರೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಜನರಲ್ ಮೋಟರ್ಸ್ 1928ರಲ್ಲೇ ಮುಂಬೈಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿತ್ತು. 1954ರಲ್ಲಿ ಅದು ಮುಚ್ಚಿತು. ಪ್ಲೇಟಿನ ಮೇಲೆ ಜನರಲ್ ಮೋಟರ್ಸ್ ಇಂಡಿಯಾ ಅಥವಾ ಬಾಂಬೆ ಎಂದಿದೆಯೇ ನೋಡಿ. ಇದ್ದರೆ ನಿಮ್ಮ ಮುತ್ತಜ್ಜನ ಕಾರು ಮುಂಬೈಯಲ್ಲಿ ಕೂಡಿಸಿದ್ದು. ಅದರಿಂದ ಬೆಲೆಯೇನೂ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ನನ್ನ ಬಳಿ ಹಳೆ ಫಿಯಟ್ ಇದೆ. ವಿಂಟೇಜ್ ನೋಂದಣಿ ಮಾಡಿಸಿದರೆ ಅಪ್ಪನ ಕಾಲದ ನಂಬರ್ ಹೋಗುತ್ತದೆಯೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಹೋಗುವುದಿಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ಈಗಾಗಲೇ ನೋಂದಣಿಯಾದ ಗಾಡಿ ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ನಡುವೆ ‘ವಿಎ’ ಇರುವ ಹೊಸ ಸರಣಿ ಹೊಸದಾಗಿ ನೋಂದಣಿ ಮಾಡಿಸುವವರಿಗೆ. ಅದಕ್ಕೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆಮೇಲೆ ದಿನಾ ಮಾರ್ಕೆಟ್ಟಿಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು ಮಾತ್ರ. ಇಲ್ಲಿ ಎಡವುವುದು ಒಂದೇ ಕಡೆ. ವಿಂಟೇಜ್ ಎನಿಸಲು ಗಾಡಿಗೆ 50 ವರ್ಷ ದಾಟಿರಬೇಕು. ಆ 50 ವರ್ಷವನ್ನು ಮಾಡೆಲ್ ವರ್ಷದಿಂದ ಎಣಿಸುವುದಿಲ್ಲ, ಮೊದಲ ನೋಂದಣಿ ತಾರೀಕಿನಿಂದ ಎಣಿಸುತ್ತಾರೆ. ನಿಮ್ಮ ಆರ್‌ಸಿ ಡೂಪ್ಲಿಕೇಟ್ ಆಗಿದ್ದರೆ ಆ ತಾರೀಕನ್ನು ಮೂಲ ರಿಜಿಸ್ಟರಿನ ಜೊತೆ ತಾಳೆ ನೋಡಿಸಿ, ಆಮೇಲೆ ಅರ್ಜಿ ಹಾಕಿ.