40 ಪೌಂಡ್ ಬಿಲ್ಲಿಗೆ ಎಷ್ಟು ಗ್ರೇನ್ ಮೊನೆ ಹಾಕಬೇಕು? ಗುರಿಗೂ ಬೇಟೆಗೂ ಒಂದೇ ಬಾಣ ಸಾಕಾ?

ನೀವು ಕೇಳಿರುವುದು ಇಷ್ಟು. ಕೈಯಲ್ಲಿ 40 ಪೌಂಡ್ ಬಲದಿಂದ ಎಳೆಯುವ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿದ್ದು) ಇದೆ. 500 ಸ್ಪೈನ್ (ಬಾಣದ ಬಿಗಿಯ ಅಳತೆ) ಕಾರ್ಬನ್ ಬಾಣ ತಂದಿದ್ದೀರಿ, ಜೊತೆಗೆ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ ತೂಕದ ಮೊನೆ ಬಂದಿದೆ. ಗುರಿ ಹೊಡೆಯಲು ಇದು ಸಾಕಾ? ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗೆ ಇನ್ನೂ ಭಾರದ್ದು ಬೇಕಾ?

ಹಂದಿಯ ಮಾತನ್ನು ಮೊದಲು ಮುಗಿಸೋಣ. ದಯವಿಟ್ಟು ಹೊಡೆಯಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರಲ್ಲಿ ಕೊಲ್ಲುವುದು ಮಾತ್ರ ಬೇಟೆ ಅಲ್ಲ. ಹಿಡಿಯುವುದು, ಬಲೆ ಹಾಕುವುದು, ಹೊಡೆಯಲು ಹೋಗಿ ತಪ್ಪಿಸಿಕೊಂಡರೆ ಆ ಪ್ರಯತ್ನ, ಎಲ್ಲವೂ ಬೇಟೆಯೇ. ಕಾಡುಹಂದಿಯೂ ಆ ಕಾಯ್ದೆಯೊಳಗೆ ಬರುತ್ತದೆ. ನಮ್ಮ ಮಂಡ್ಯದ ಕಡೆ ಹಂದಿ ಒಂದೇ ರಾತ್ರಿಗೆ ಎಷ್ಟು ಕಬ್ಬು ಮಲಗಿಸುತ್ತದೆ ಅನ್ನುವುದು ನನಗೂ ಗೊತ್ತು, ಹೊಟ್ಟೆ ಉರಿಯುತ್ತದೆ. ಆದರೂ ದಾರಿ ಅರಣ್ಯ ಇಲಾಖೆಯ ಕಡೆಗೇ. ಬೆಳೆ ಹಾನಿಗೆ ಪರಿಹಾರದ ಅರ್ಜಿ ಕೊಡಿ. ಕಾನೂನು ಬಿಟ್ಟು ಯೋಚಿಸಿದರೂ, ಕತ್ತಲಲ್ಲಿ ಓಡುವ ಪ್ರಾಣಿಗೆ ಹೊಸಬರ ಬಾಣ ಬಿದ್ದರೆ ಅದು ಸಾಯುವುದಿಲ್ಲ. ಗಾಯ ಹೊತ್ತುಕೊಂಡು ದಿನಗಟ್ಟಲೆ ನರಳುತ್ತದೆ.

ಬಿಲ್ಲು ಬೇಟೆಗೆ ಅನುಮತಿ ಇರುವ ಅಮೆರಿಕದಂಥ ಕಡೆ ಇಂಥ ಸಾಂಪ್ರದಾಯಿಕ ಬಿಲ್ಲಿಗೆ 125ರಿಂದ 200 ಗ್ರೇನ್ ಅಲಗು (ಬೇಟೆಯ ಹರಿತ ಮೊನೆ) ಹಾಕುವವರು ಜಾಸ್ತಿ. ಅವರಿಂದ ಕಲಿಯಬೇಕಾದದ್ದು ಒಂದಿದೆ. ಅಲಗು ಎಷ್ಟು ತೂಕವೋ ಅಷ್ಟೇ ತೂಕದ ಸಾದಾ ಮೊನೆ ಹಾಕಿ ವರ್ಷವೆಲ್ಲಾ ಅಭ್ಯಾಸ ಮಾಡುತ್ತಾರೆ. ತೂಕ ಬದಲಾದರೆ ಬಾಣದ ನಡೆಯೇ ಬದಲಾಗುತ್ತದೆ ಅಂತ ಅವರಿಗೆ ಗೊತ್ತು.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ. ಮೊನೆಯ ತೂಕವನ್ನು ಒಂಟಿಯಾಗಿ ಆರಿಸಲು ಬರುವುದಿಲ್ಲ. ಬಾಣದ ಬಿಗಿ, ಉದ್ದ, ಬಿಲ್ಲಿನ ಎಳೆತದ ಬಲ, ಮೊನೆ, ಇವು ನಾಲ್ಕೂ ಒಂದೇ ಸಂಸಾರ.

ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ತೆಂಗಿನ ಪೊರಕೆಯಿಂದ ಒಂದು ಉದ್ದ ಕಡ್ಡಿ ತೆಗೆದುಕೊಳ್ಳಿ. ಬುಡ ಹಿಡಿದು ಜಾಡಿಸಿ, ಸ್ವಲ್ಪ ಬಳುಕುತ್ತದೆ. ಈಗ ತುದಿಗೆ ಕಡಲೆಕಾಯಿ ಗಾತ್ರದ ಹಸಿ ಮಣ್ಣು ಮೆತ್ತಿ ಅಷ್ಟೇ ಜೋರಾಗಿ ಜಾಡಿಸಿ. ಎರಡರಷ್ಟು ಬಳುಕುತ್ತದೆ, ಅಲ್ವಾ? ಬಾಣವೂ ಹಾಗೇ. ಹೆದೆ ಬಿಟ್ಟ ಕೂಡಲೇ ಹಿಂದಿನಿಂದ ನೂಕು ಬೀಳುತ್ತದೆ, ಮುಂದಿನ ಭಾರ ಅಲ್ಲೇ ನಿಲ್ಲಲು ನೋಡುತ್ತದೆ, ನಡುವೆ ಕಡ್ಡಿ ಬಾಗುತ್ತದೆ. ಬಾಗಲೇಬೇಕು ಕೂಡ. ಹಾಗೆ ಬಾಗಿಯೇ ಅದು ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ನೇರಕ್ಕೆ ಬರುವುದು. ಮೊನೆ ಭಾರವಾದಷ್ಟೂ ಬಾಣ ಮೆತ್ತಗೆ ವರ್ತಿಸುತ್ತದೆ, ಹಗುರವಾದಷ್ಟೂ ಗಡುಸಾಗುತ್ತದೆ. ಕಡ್ಡಿ ಕತ್ತರಿಸಿ ಗಿಡ್ಡ ಮಾಡಿದರೂ ಗಡುಸಾಗುತ್ತದೆ. ಆದರೆ ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲ, ಮೊನೆಯನ್ನು ತಿರುಪಿ ಬದಲಿಸಬಹುದು. ಅದಕ್ಕೇ ಮೊದಲು ಮೊನೆಯಲ್ಲಿ ಆಡಿ, ಗರಗಸ ಕೊನೆಗೆ ಇರಲಿ.

500 ಸ್ಪೈನ್ ಅಂದರೆ, 28 ಇಂಚು ಅಂತರದ ಎರಡು ಆಧಾರದ ಮೇಲೆ ಕಡ್ಡಿ ಇಟ್ಟು ಮಧ್ಯಕ್ಕೆ 1.94 ಪೌಂಡ್ ತೂಗುಬಿಟ್ಟಾಗ ಅದು ಅರ್ಧ ಇಂಚು ಬಾಗುತ್ತದೆ. ಸಂಖ್ಯೆ ದೊಡ್ಡದಾದರೆ ಬಾಣ ಮೆತ್ತಗೆ. 40 ಪೌಂಡ್ ಬಿಲ್ಲಿಗೆ 500 ಸ್ವಲ್ಪ ಗಡುಸು. ಅದಕ್ಕೆ 100 ಗ್ರೇನ್ ಮೊನೆ ಹಾಕಿದರೆ ಇನ್ನೂ ಗಡುಸು.

ನನ್ನದೂ ಇದೇ ಜೋಡಿ. ಪಾಂಡವಪುರದ ಹತ್ತಿರ ನಮ್ಮ ತೋಟದಲ್ಲಿ, ಕುಂತಿಬೆಟ್ಟ ಎದುರಿಗೆ ಕಾಣುವ ಜಾಗದಲ್ಲಿ, ಭತ್ತದ ಹುಲ್ಲು ತುಂಬಿದ ಗೋಣಿಚೀಲಗಳನ್ನು ಮಣ್ಣಿನ ಗುಡ್ಡೆಗೆ ಒರಗಿಸಿ ಹೊಡೆಯುತ್ತೇನೆ. 29 ಇಂಚಿನ 500 ಸ್ಪೈನ್ ಬಾಣ. 125 ಗ್ರೇನ್ ಹಾಕಿದಾಗ ಬಾಣಗಳು ಎಡಕ್ಕೇ ಹೋಗುತ್ತಿದ್ದವು. ಎರಡು ತಿಂಗಳು ಬೆರಳು ಬಿಡುವ ರೀತಿಯನ್ನೇ ತಿದ್ದುತ್ತಾ ಕೂತೆ. ಕೊನೆಗೆ ಎರಡು ಬಾಣದ ಗರಿ ಕಿತ್ತು ಹೊಡೆದು ನೋಡಿದೆ. 15 ಮೀಟರ್‌ನಲ್ಲಿ ಗರಿ ಇದ್ದವು ಗೋಣಿಯ ನಡುವೆ, ಬೋಳು ಬಾಣಗಳು ಒಂದು ಗೇಣು ಎಡಕ್ಕೆ. ಬಲಗೈಯವರಿಗೆ ಬೋಳು ಬಾಣ ಎಡಕ್ಕೆ ಬಿದ್ದರೆ ಗಡುಸು, ಬಲಕ್ಕೆ ಬಿದ್ದರೆ ಮೆತ್ತಗೆ. ಎಡಗೈಯವರಿಗೆ ಉಲ್ಟಾ. 150 ಹಾಕಿದೆ, ಹತ್ತಿರ ಬಂತು. 175 ಹಾಕಿದಾಗ ಬೋಳು ಬಾಣವೂ ಗರಿಯ ಬಾಣವೂ ಪಕ್ಕಪಕ್ಕ ನಿಂತವು. 200ಕ್ಕೆ ಬಲಕ್ಕೆ ಸರಿಯಲು ಶುರುವಾಯಿತು. ಆ ಸಂಜೆ ಗೋಣಿಯಿಂದ ಬಾಣ ಕೀಳುವಾಗ ಆದ ಖುಷಿ ಇನ್ನೂ ನೆನಪಿದೆ.

ಈ ಪರೀಕ್ಷೆಯನ್ನು ಒಂದು ಬಾಣ ನೋಡಿ ತೀರ್ಮಾನಿಸಬೇಡಿ. ಮೊದಲು 10 ಮೀಟರ್, ಆಮೇಲೆ 15. ಪ್ರತಿ ತೂಕಕ್ಕೂ ಕಡಿಮೆ ಅಂದರೆ ಐದಾರು ಸುತ್ತು. ಗರಿ ಇರುವ ಬಾಣಗಳೇ ಅಲ್ಲೊಂದು ಇಲ್ಲೊಂದು ಬೀಳುತ್ತಿದ್ದರೆ ಇನ್ನೂ ಸ್ವಲ್ಪ ದಿನ ಸುಮ್ನೆ ಅಭ್ಯಾಸ ಮಾಡಿ. ಕೈ ಕೂರುವ ತನಕ ಬೋಳು ಬಾಣ ನಿಜ ಹೇಳುವುದಿಲ್ಲ.

ತೂಕದ ಲೆಕ್ಕ ಕೂಡ ಹೇಳಿಬಿಡುತ್ತೇನೆ. 1 ಗ್ರಾಂ ಅಂದರೆ 15.43 ಗ್ರೇನ್. 125 ಗ್ರೇನ್ ಮೊನೆ 8.1 ಗ್ರಾಂ ತೂಗಬೇಕು. ನಾನು ತರಿಸಿದ ಮೊನೆಗಳನ್ನು ಮಂಡ್ಯದ ಪೇಟೆ ಬೀದಿಯಲ್ಲಿ ಪರಿಚಯದ ಚಿನ್ನದ ಅಂಗಡಿಗೆ ಒಯ್ದೆ. ಅವರು ಬಾಣದ ಮೊನೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ಗಾಜಿನ ಮುಚ್ಚಳದ ತಕ್ಕಡಿಯಲ್ಲಿ ಒಂದೊಂದಾಗಿ ಇಟ್ಟರು. ಒಂದು 7.8 ಬಂತು, ಇನ್ನೊಂದು 8.4. ಎರಡರ ನಡುವೆ 9 ಗ್ರೇನ್ ವ್ಯತ್ಯಾಸ! ಅವೆರಡನ್ನೂ ಬೇರೆ ಇಟ್ಟು, ಉಳಿದವನ್ನು ಒಂದು ಜೊತೆ ಮಾಡಿಕೊಂಡೆ. ನೀವೂ ಇದನ್ನು ಮಾಡಿ, ಹತ್ತು ನಿಮಿಷದ ಕೆಲಸ.

ಪೂರ್ತಿ ಬಾಣದ ತೂಕ ಬಿಲ್ಲಿನ ಪ್ರತಿ ಪೌಂಡಿಗೆ 8 ಗ್ರೇನ್‌ಗಿಂತ ಕೆಳಗೆ ಇಳಿಯದಿರಲಿ, 10ರ ಆಸುಪಾಸು ಇದ್ದರೆ ಸಾಂಪ್ರದಾಯಿಕ ಬಿಲ್ಲಿಗೆ ಹಿತ. ತೀರಾ ಹಗುರ ಬಾಣ ಬಿಟ್ಟರೆ, ಬಾಣ ಒಯ್ಯಬೇಕಾದ ಬಲ ಬಿಲ್ಲಿನ ತೋಳುಗಳ ಮೇಲೇ ಬೀಳುತ್ತದೆ. ನನ್ನ ಬಾಣ 175 ಗ್ರೇನ್ ಮೊನೆ ಸೇರಿ ಸುಮಾರು 457 ಗ್ರೇನ್, ಅಂದರೆ ಪೌಂಡಿಗೆ 11 ಚಿಲ್ಲರೆ. ಬಿಟ್ಟಾಗ ಬಿಲ್ಲು ಕೈಗೆ ಹೊಡೆಯುವುದಿಲ್ಲ, ಸದ್ದೂ ಕಡಿಮೆ.

ಬಾಣದ ಭಾರ ಎಷ್ಟು ಶೇಕಡಾ ಮುಂದಕ್ಕಿದೆ ಅಂತ ನೋಡಲು ಚಾಕುವಿನ ಬೆನ್ನು ಸಾಕು. ಅದರ ಮೇಲೆ ಬಾಣ ಅಡ್ಡ ಇಟ್ಟು, ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿ. ಹೆದೆ ಕೂರುವ ಕಚ್ಚಿನಿಂದ ಆ ಗುರುತಿನವರೆಗೆ ಅಳೆಯಿರಿ. ಅದರಲ್ಲಿ ಬಾಣದ ಅರ್ಧ ಉದ್ದ ಕಳೆದು, ಪೂರ್ತಿ ಉದ್ದದಿಂದ ಭಾಗಿಸಿ, 100ರಿಂದ ಗುಣಿಸಿ. ಉದ್ದಕ್ಕೆ ಕಡ್ಡಿಯನ್ನು ಮಾತ್ರ ಅಳೆಯಬೇಕು, ಮೊನೆ ಸೇರಿಸಬಾರದು. ನನಗೆ 125ರಲ್ಲಿ 15 ಚಿಲ್ಲರೆ ಬಂತು, 175ರಲ್ಲಿ 19ರ ಹತ್ತಿರ. ಒಲಿಂಪಿಕ್ ಮಾದರಿಯ ಗುರಿಕಾರರು 11ರಿಂದ 16ರ ಒಳಗೆ ಇಟ್ಟುಕೊಳ್ಳುತ್ತಾರೆ, ಅವರು 70 ಮೀಟರ್ ಹೊಡೆಯಬೇಕು. ನಾವು 20 ಮೀಟರ್‌ನವರು, 19 ಇದ್ದರೆ ಏನೂ ತೊಂದರೆ ಇಲ್ಲ. ಮೂತಿ ಭಾರ ಇದ್ದ ಬಾಣವನ್ನು ಗರಿ ಬೇಗ ನೇರ ಮಾಡುತ್ತದೆ. ಆಷಾಢದ ಗಾಳಿಯಲ್ಲಿ ಹೊಡೆದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

ಭಾರದ ಬಾಣ ಬೇಗ ಇಳಿಯುತ್ತದೆ, ನಿಜ. ಆದರೆ ಸೈಟ್ (ಬಿಲ್ಲಿನ ಮೇಲಿನ ಗುರಿ ನೋಡುವ ಸಾಧನ) ಇಲ್ಲದೆ ಮೊನೆಯನ್ನೇ ನೋಡಿ ಹೊಡೆಯುವವರಿಗೆ ಇದೇ ಅನುಕೂಲ. ಮೊನೆಯನ್ನು ನೇರ ಗುರಿಯ ಮೇಲೆ ಇಟ್ಟರೆ ಸರಿಯಾಗಿ ಬೀಳುವ ದೂರ ಅಂತ ಪ್ರತಿ ಬಿಲ್ಲಿಗೂ ಒಂದಿರುತ್ತದೆ. ಹಗುರ ಮೊನೆಗೆ ಅದು ದೂರ ಹೋಗುತ್ತದೆ, ಹತ್ತಿರದ ಗುರಿಗೆ ಮೊನೆಯನ್ನು ತುಂಬಾ ಕೆಳಗೆ ಹಿಡಿಯಬೇಕಾಗುತ್ತದೆ. ಭಾರ ಮಾಡಿದರೆ ಆ ದೂರ ಹತ್ತಿರಕ್ಕೆ ಬರುತ್ತದೆ.

ನಿಮ್ಮ 100 ಗ್ರೇನ್ ಮೊನೆ ಇಟ್ಟುಕೊಂಡಿರಿ, ಮುಂದೆ 600 ಸ್ಪೈನ್ ಬಾಣ ತಂದರೆ ಬಳಕೆಗೆ ಬರುತ್ತದೆ. ಈಗ 125, 150, 175, 200ರಲ್ಲಿ ಎರಡೆರಡು ತಿರುಪಿನ ಮೊನೆ ತರಿಸಿ. ಒಂದೊಂದು ಡಜನ್ ಬೇಡ, ಸರಿ ಹೊಂದಿದ ತೂಕ ಗೊತ್ತಾದ ಮೇಲೆ ತಗೊಳ್ಳಿ. ಮೊನೆ ತಿರುಪುವ ಲೋಹದ ಗೂಡನ್ನು ಬಾಣದೊಳಗೆ ಅಂಟಿಸಲು ಹಾಟ್ ಮೆಲ್ಟ್ (ಕಾಯಿಸಿದರೆ ಕರಗುವ ಅಂಟು) ಬಳಸುವುದಾದರೆ ಬಿಸಿ ಲೋಹಕ್ಕೆ ಮಾತ್ರ ಕೊಡಿ, ಕಾರ್ಬನ್‌ಗೆ ಬೆಂಕಿ ತೋರಿಸಬೇಡಿ. ಕಲ್ಲಿಗೆ ಬಡಿದ ಬಾಣವನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ. ಚಿರ್ ಅಂದರೆ ಮುರಿದು ಎಸೆಯಿರಿ. ಸೀಳಿದ ಕಾರ್ಬನ್ ಬಿಡುವಾಗ ಒಡೆದು ಕೈಗೇ ಚುಚ್ಚಿಕೊಳ್ಳುತ್ತದೆ. ನಾಲೆ ಏರಿಯ ಕಡೆ ಮುಖ ಮಾಡಿ ಹೊಡೆಯಲೇಬೇಡಿ, ಜನ ದನ ಓಡಾಡುವ ಜಾಗ ಅದು.

ನಿಮ್ಮ ಎಳೆತ ಎಷ್ಟು ಇಂಚು ಅಂತ ಬರೆದಿಲ್ಲ. ಬಿಲ್ಲಿನ ಮೇಲೆ ಇರುವ 40 ಪೌಂಡ್ 28 ಇಂಚು ಎಳೆದಾಗ ಬರುವ ಲೆಕ್ಕ. ನೀವು 26 ಇಂಚು ಎಳೆಯುವವರಾದರೆ ಕೈಗೆ ಸಿಗುವುದು 35ರ ಸುಮಾರು. ಆಗ 175 ಕೂಡ ಕಡಿಮೆ ಆಗಬಹುದು, ಮೆತ್ತಗಿನ ಬಾಣವೇ ಬೇಕಾಗಬಹುದು. ಎಳೆತ, ಬಾಣದ ಉದ್ದ, ಬೋಳು ಬಾಣ ಯಾವ ಕಡೆಗೆ ಬಿತ್ತು, ಈ ಮೂರನ್ನು ಬರೆಯಿರಿ. ಮುಂದಿನದು ನೋಡೋಣ.